ಅಪ್ಪನ ತಿರುಪತಿ

ನೌಕಾಪಡೆಯಿಂದ ನಿವೃತ್ತರಾದ ಮೇಲೂ ಒಮ್ಮೆ, ಯುದ್ಧದ ದಿನಗಳಲ್ಲಿ, ಅಪ್ಪನನ್ನು ಕರೆಸಿಕೊಂಡು ಗುಟ್ಟಾಗಿ ಸಮುದ್ರಕ್ಕೆ ಕಳಿಸಿದ್ದರು. ನಮಗೆ ಅದು ತಿಳಿದದ್ದು ವರ್ಷಗಳ ನಂತರ. ಹೊರಡುವಾಗ ಅವರು ತಿರುಪತಿಗೆ ಹೋಗಿಬರುತ್ತೇನೆ ಎಂದಷ್ಟೇ ಹೇಳಿದ್ದರು. ಮರಳಿದಾಗ ಮುಖ ಬಿಸಿಲಿಗೆ ಸುಟ್ಟು ಸಿಪ್ಪೆ ಏಳುತ್ತಿತ್ತು. ತಲೆಗೂದಲು ಹಾಗೇ ಇತ್ತು. ಚೀಲದಲ್ಲಿ ಒಂದು ಲಡ್ಡು ಕೂಡ ಇರಲಿಲ್ಲ. ಲಡ್ಡು ಇಲ್ಲದೆ ತಿರುಪತಿಯಿಂದ ಬರುವವರು ಯಾರಿದ್ದಾರೆ? ಆದರೂ ಅಮ್ಮ ಏನೂ ಕೇಳಲಿಲ್ಲ. ಆ ಮೌನದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಈಗ ಇಬ್ಬರೂ ಅಮೆರಿಕದ ವುಡ್‌ರಿಡ್ಜ್‌ನ ನಮ್ಮ ಮನೆಯಲ್ಲಿದ್ದಾರೆ. ಟಿವಿಯಲ್ಲಿ ಮತ್ತೆ ಯುದ್ಧದ್ದೇ ಸುದ್ದಿ. ಮೊನ್ನೆ ಅಪ್ಪನಿಗೆ ಒಂದು ಫೋನ್ ಬಂತು. ಗರಾಜಿಗೆ ಹೋಗಿ, ಬಾಗಿಲು ಹಾಕಿಕೊಂಡು ಮಾತಾಡಿ ಬಂದರು.

“ಇಂಡಿಯಾಗೆ ಹೋಗ್ಬರ್ಬೇಕು. ತಿರುಪತಿ ಹರಕೆ ಒಂದು ಬಾಕಿ ಇದೆ,” ಎಂದರು.

ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮನ ಕೈ ನಿಂತಿತು. “ಬಾಲಾಜಿ ಇಲ್ಲೇ ಪಕ್ಕದೂರು ಅರೋರಾದ ಗುಡೀಲೇ ಇದಾನಲ್ರೀ. ನಡೀರಿ, ಈಗ್ಲೇ ತೀರ್ಸೋಣ.”

ನಾನು ಡ್ರೈವ್ ಮಾಡಿದೆ. ಅರ್ಧ ದಾರಿಯಲ್ಲಿ ರೇಗಿದೆ: “ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಪ್ಪ?”

“ಹಳಬರೇ ಬೇಕಂತೆ,” ಎಂದವರು ಥಟ್ಟನೆ ತುಟಿ ಕಚ್ಚಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಕಿಟಕಿಯಾಚೆ ನೋಡುತ್ತಲೇ ಇದ್ದರು.

ದರ್ಶನವಾದ ಮೇಲೆ ಅಮ್ಮ ಕೌಂಟರಿನಿಂದ ಒಂದು ಲಡ್ಡು ತಂದು ಅಪ್ಪನ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ತಾವೇ ಮಡಿಸಿದರು.

“ಹೋದ್ಸಲ ತರೋದು ಮರೆತ್ರಿ. ಈ ಸಲ ಇದನ್ನ ತಗೊಂಡ್ಹೋಗಿ, ಇದನ್ನೇ ವಾಪಸ್ ತಂದ್ಕೊಡಿ.”