ಒಂದೂವರೆ ಸುತ್ತಿನ ಬರ್ತಾ ಬಾಯಿ

ಬೆಳಗಿನ ಐದೂವರೆ. ಕಲ್ಯಾಣಪುರದ ಸ್ಯಾಮ್ಸನ್ ಗ್ಯಾರೇಜಿನ ಹಿತ್ತಲಲ್ಲಿ ಬರ್ತಾ ಬಾಯಿ ತೆಂಗಿನಗರಿಯ ಹಿಡಿಸೂಡಿ ಪೊರಕೆಯಿಂದ ಒಂದು ಕಡ್ಡಿ ಎಳೆದು ಬ್ಲೇಡಿನಲ್ಲಿ ಸಪೂರ ಕೆತ್ತುತ್ತಿದ್ದಾರೆ. ಎದುರಿನ ಸ್ಟೀಲ್ ತಟ್ಟೆಯಲ್ಲಿ ಹಳೆಯ ಬುಲೆಟ್ಟಿನ ಕಾರ್ಬುರೇಟರ್ ಬಿಚ್ಚಿಕೊಂಡು ಕೂತಿದೆ. ಬೈಕಿನ ಪೆಟ್ಟಿಗೆಯಲ್ಲಿ ಮಲ್ಪೆಯ ಬಂಗುಡೆ, ಮೇಲೆ ಕರಗುತ್ತಿರುವ ಮಂಜುಗಡ್ಡೆ. ಮೀನು ಮಾರುವ ಕಾಪುವಿನ ಗುಣಪಾಲ ಅತ್ತಿಂದಿತ್ತ ಶತಪಥ ಹಾಕುತ್ತಿದ್ದಾರೆ. ಎಂಟಕ್ಕೆ ಅಜೆಕಾರು ಮುಟ್ಟದಿದ್ದರೆ ಅಷ್ಟೂ ಮೀನು ಬೆಕ್ಕಿನ ಪಾಲು. ಎರಡು ದಿನದಿಂದ ಬೈಕು ಏರಿನಲ್ಲೇ ಕೈಕೊಡುತ್ತಿದೆ.

ಗುಣಪಾಲರಿಗೆ ಬೈಕಿಗಿಂತ ಬರ್ತಾ ಬಾಯಮ್ಮನ ಮೇಲೆಯೇ ಅನುಮಾನ ಜಾಸ್ತಿ. ಊರೆಲ್ಲ ಗೌರವದಿಂದ ‘ಪೊರ್ಬುಗಳು’ ಎಂದು ಕರೆಯುತ್ತಿದ್ದ ಅವರ ಗಂಡ ಸ್ಯಾಮ್ಸನ್ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಗ್ಯಾರೇಜು ಮುಚ್ಚಿತು ಎಂದು ಜನ ತಾವೇ ತೀರ್ಮಾನಿಸಿಬಿಟ್ಟರು. ವಾರಕ್ಕೆ ಹನ್ನೆರಡು ಬರುತ್ತಿದ್ದ ಬೈಕುಗಳು ಈಗ ನಾಲ್ಕಕ್ಕೆ ಇಳಿದಿವೆ. ಇಪ್ಪತ್ತೆರಡು ವರ್ಷ ಈ ಊರಿನ ಕಾರ್ಬುರೇಟರುಗಳನ್ನು ಬಿಚ್ಚಿ ಜೋಡಿಸಿದ್ದು ಹಿತ್ತಲಿನ ಈ ಕೈಗಳೇ ಎಂದು ಯಾರಿಗೆ ಗೊತ್ತು! ಹಿತ್ತಲ ಗಿಡ ಮದ್ದಲ್ಲ, ನೋಡಿ. ಇವತ್ತು ಈ ಬೈಕು ಏರಿನಲ್ಲಿ ನಿಂತರೆ ಸುದ್ದಿ ಮೀನಿನ ಜೊತೆಗೇ ಮನೆಮನೆ ತಲುಪುತ್ತದೆ. ಆಮೇಲೆ ಬೀಗ ಹಾಕುವುದೊಂದೇ ಬಾಕಿ.

ಬರ್ತಾ ಬಾಯಿ ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ಟನ್ನು ಬೆಳಕಿಗೆ ಹಿಡಿಯುತ್ತಾರೆ. “ಯಾರೋ ಕಸ ತೆಗೆಯಲು ಇದಕ್ಕೆ ತಂತಿ ಹಾಕಿದ್ದಾರೆ. ತೂತು ದೊಡ್ಡದಾಗಿದೆ. ಬೈಕು ಪೆಟ್ರೋಲ್ ಕುಡಿದು ಕುಡಿದು ಉಸಿರು ಕಟ್ಟುವುದು ಅದಕ್ಕೇ.”

ಈ ವಿದ್ಯೆ ಅವರಿಗೆ ಬಂದದ್ದು ತವರಿನಿಂದ. ಅಪ್ಪ ಮೌರಿಸ್ ಪೆಟ್ರೋಮ್ಯಾಕ್ಸ್, ಸೀಮೆಎಣ್ಣೆ ಸ್ಟವ್ ರಿಪೇರಿಯವರು. ಪಿನ್ನು ಚುಚ್ಚಿ ಚುಚ್ಚಿ ತೂತು ಅಗಲವಾದ ಸ್ಟವ್ ಹೊಗೆ ಉಗುಳುತ್ತದೆ ಎಂಬುದನ್ನು ಬರ್ತಾ ಲಂಗ ಹಾಕುವ ವಯಸ್ಸಿನಲ್ಲೇ ಅರಿತಿದ್ದರು. ಕಸ ತೆಗೆಯಲು ತೆಂಗಿನಗರಿಯ ಕಡ್ಡಿಯೇ ಸಾಕು, ಅದು ಹಿತ್ತಾಳೆಯನ್ನು ತಿನ್ನುವುದಿಲ್ಲ.

ಕೆತ್ತಿದ ಕಡ್ಡಿಯಿಂದ ಉಳಿದ ತೂತುಗಳ ಕಸ ತೆಗೆದು, ಡಬ್ಬದಿಂದ ಸರಿಯಾದ ನಂಬರಿನ ಜೆಟ್ ಹುಡುಕಿ ಕೂರಿಸುತ್ತಾರೆ. ಗಾಳಿಯ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಬೈಕು ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಕಣ್ಣು ಮುಚ್ಚಿ, ಸ್ಕ್ರೂವನ್ನು ಕೂದಲೆಳೆಯಷ್ಟು ಆಚೆಈಚೆ ಮಾಡುತ್ತಾರೆ. ಮುಗ್ಗರಿಸುತ್ತಿದ್ದ ಸದ್ದು ಒಂದೇ ಲಯಕ್ಕೆ ಬಂದು ನಿಲ್ಲುತ್ತದೆ.

“ಏರಿನಲ್ಲಿ ನಿಂತರೆ?” ಗುಣಪಾಲ ಕೇಳುತ್ತಾರೆ.

“ನಿಲ್ಲುವುದಿಲ್ಲ. ನೀವು ಹೋಗಿ ಬನ್ನಿ.”

ಹಾಗೆ ಹೇಳಿದವರು ಆಮೇಲೆ ಒಲೆಯ ಮೇಲಿಟ್ಟ ಗಂಜಿಯನ್ನೇ ಮರೆಯುತ್ತಾರೆ. ರಸ್ತೆಯಲ್ಲಿ ಬುಲೆಟ್ ಸದ್ದಾದಾಗಲೆಲ್ಲ ಕಿವಿ ಅತ್ತ ಹೋಗುತ್ತದೆ. ಭಯ ಇರಲಿಲ್ಲವಾ ಎಂದು ಈಗ ಕೇಳಿದರೆ, ಕೈ ಮೇಲೆ ನಂಬಿಕೆ ಉಂಟು, ರಸ್ತೆ ಮೇಲೆ ಇಲ್ಲ ಎಂದು ನಗುತ್ತಾರೆ.

ಹನ್ನೊಂದಕ್ಕೆ ಗುಣಪಾಲ ವಾಪಸು. ಪೆಟ್ಟಿಗೆ ಖಾಲಿ. ಬಾಯಮ್ಮನಿಗೆಂದು ಎತ್ತಿಟ್ಟ ನಾಲ್ಕು ಬಂಗುಡೆ ಮಾತ್ರ ಕೈಯಲ್ಲಿವೆ.

“ಏರಿನಲ್ಲಿ ಒಮ್ಮೆಯೂ ಕೆಮ್ಮಲಿಲ್ಲ ಮಾರಾಯ್ರೆ. ಪೊರ್ಬುಗಳು ನಿಮಗೆ ಚಂದ ಕಲಿಸಿದ್ದಾರೆ ಬಾಯಮ್ಮ.”

ಬರ್ತಾ ಬಾಯಿ ಮೀನು ತೆಗೆದುಕೊಳ್ಳುತ್ತಾರೆ. ಗೋಡೆಯ ಮೇಲಿನ ಸ್ಯಾಮ್ಸನ್ ಫೋಟೊ ಕಡೆ ಒಮ್ಮೆ ನೋಡುತ್ತಾರೆ.

“ಎಂಜಿನ್ ಕೆಲಸ ಅವರೇ ಕಲಿಸಿದ್ದು, ಸುಳ್ಳು ಹೇಳಬಾರದು. ಕಾರ್ಬುರೇಟರ್ ಮಾತ್ರ ಅವರಿಗೆ ನಾನು ಕಲಿಸಿದ್ದು.”