ಗೋಡೆಯಮ್ಮನ ಉಸಿರು

ಅಕ್ಕ ಅವತ್ತು ಹೊಸ್ತಿಲಲ್ಲೇ ನಿಂತು ಮೂಗು ಮುಚ್ಚಿಕೊಂಡಿದ್ದು ನೆನಪಾದರೆ ಪಂಚರಣ್ಣನಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅದೂ ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಅಂದಳು, "ಏನೋ ಇದು, ಬೂಷ್ಟು ನಾತ! ಈ ಕೋಣೇಲಿ ಮಕ್ಕಳನ್ನ ಮಲಗಿಸ್ತೀಯಾ?"

"ನಿನ್ನ ಮೂಗು ಅಷ್ಟು ನಾಜೂಕಾದ್ರೆ ಮನೇಲೇ ಬಿಟ್ಟು ಬರ್ಬೇಕಿತ್ತು," ಅಂದ ಇವನು.

ಬೀರುವಿನ ಪಕ್ಕದ ಗೋಡೆಯಲ್ಲಿ ಕಪ್ಪು ಕಲೆಯೊಂದಿದ್ದದ್ದು ನಿಜ. ಅಕ್ಕನ ಮೇಲಿನ ಸಿಟ್ಟಿಗೆ ಒಣ ಬ್ರಶ್ ಹಿಡಿದು ಗಸಗಸ ಉಜ್ಜಿ, ಮೇಲೆ ಸುಣ್ಣ ಬಳಿದ. ಪುಡಿ ಹಾರಿ ಕೋಣೆಯೆಲ್ಲ ಮಬ್ಬಾಯಿತು. ಮಕ್ಕಳು ಅಲ್ಲೇ ಹಾಸಿಗೆ ಮೇಲೆ ಆಡುತ್ತಿದ್ದರು. ಸುಣ್ಣ ಒಣಗಿತೋ ಇಲ್ಲವೋ, ಕಲೆ ಮತ್ತೆ ಇಣುಕಿತು, ಮೊದಲಿಗಿಂತ ಅಗಲವಾಗಿ.

ಮಗಳು ಅದಕ್ಕೆ ಗೋಡೆಯಮ್ಮ ಅಂತ ಹೆಸರಿಟ್ಟಳು. "ಅಪ್ಪಾ, ಗೋಡೆಯಮ್ಮಂಗೆ ನಿನ್ನೆ ಬರೀ ಕೈ ಇತ್ತು. ಇವತ್ತು ಭುಜ ಬಂದಿದೆ."

"ಬಾಯ್ಮುಚ್ಚೇ," ಎಂದು ಗದರಿದ. ಆದರೂ ಆ ಕಡೆ ಬೆನ್ನು ಹಾಕಿ ಕೂರಲು ಯಾಕೋ ಮನಸ್ಸಾಗಲಿಲ್ಲ.

ಒಂದು ಮಧ್ಯಾಹ್ನ ಜೋರು ಮಳೆ. ಪಂಚರ್ ಅಂಗಡಿ ಮುಚ್ಚಿ ಮನೆಗೆ ಬಂದರೆ, ಮಗಳು ಬೀರುವಿಗೆ ಒರಗಿ ಬೆರಳನ್ನು ತುಟಿಗಿಟ್ಟುಕೊಂಡಿದ್ದಳು.

"ಶ್... ಗೋಡೆಯಮ್ಮ ನಿದ್ದೆ ಮಾಡ್ತಿದ್ದಾಳೆ. ಉಸಿರು ಕೇಳಿಸ್ತಾ?"

ಕೇಳಿಸಿತು. ಸುಯ್ಯ್... ಸುಯ್ಯ್... ಅವನ ಕೈ ಮೇಲಿನ ಕೂದಲೆಲ್ಲ ನೆಟ್ಟಗಾಯಿತು.

ಆದರೆ ಅವನ ಕಿವಿ ಪಂಚರ್ ಹಾಕುವವನ ಕಿವಿ. ಟ್ಯೂಬನ್ನು ಕೆನ್ನೆ ಹತ್ತಿರ ತಂದರೆ ಸಾಕು, ರಸ್ತೆ ಗದ್ದಲದಲ್ಲೂ ಸೂಜಿಮೊನೆಯ ತೂತು ಹಿಡಿಯುತ್ತಿದ್ದ. ಈಗಲೂ ಹಾಗೇ ಹುಡುಕಿದ. ಗೋಡೆಗೆ ಕಿವಿ ಇಟ್ಟ. ಹೆಣದಂತೆ ತಣ್ಣಗೆ, ಸದ್ದಿಲ್ಲ. ಬೀರು ಎಳೆದ. ಹಿಂದೆ ನೆಲದಿಂದ ಎದೆಯೆತ್ತರದವರೆಗೂ ಕಪ್ಪು ತುಪ್ಪಳ ಬೆಳೆದಿತ್ತು. ಅಲ್ಲೂ ಸದ್ದಿಲ್ಲ. ಬಗ್ಗಿದ. ಬಗ್ಗಿದಷ್ಟೂ ಸದ್ದು ಹತ್ತಿರವಾಯಿತು. ಕೆಳಗೆ ಗೋಡೆಗೆ ತಾಗಿದ ಹಾಸಿಗೆಯಲ್ಲಿ ಚಿಕ್ಕ ಮಗ ಮಲಗಿದ್ದ.

ಮಗನ ಎದೆಗೆ ಕೆನ್ನೆ ಇಟ್ಟ. ಗಾಳಿ ಸಿಳ್ಳೆ ಹಾಕುತ್ತಿದ್ದದ್ದು ಅಲ್ಲಿ.

ಮಳೆಯಲ್ಲೇ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ. ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಔಷಧಿಯ ಹೊಗೆ ಕೊಟ್ಟ ಮೇಲೆ ಮಗುವಿನ ತುಟಿಗೆ ಬಣ್ಣ ಬಂತು. "ಮನೇಲಿ ತೇವ ಇದೆಯಾ?" ಎಂದರು ಡಾಕ್ಟರು. ಇವನು ಹೂಂ ಎಂದು ಮಗನನ್ನು ಹೆಗಲಿಗೆ ಹಾಕಿಕೊಂಡ. ಹೊರಗೆ ಬಂದರೆ, ಯಾರು ಹೇಳಿದರೋ, ಅಕ್ಕ ಬಂದಿದ್ದಳು, ಮನೆಯಲ್ಲೇ ಬಿಟ್ಟು ಬಂದಿದ್ದ ಇವನ ಮಗಳ ಕೈ ಹಿಡಿದು ನಿಂತಿದ್ದಳು.

"ಗೋಡೆ ಒಣಗೋವರೆಗೂ ಮಕ್ಕಳಿಬ್ರೂ ನನ್ನ ಮನೇಲಿ. ನೀನು ಗೋಡೆ ಉಜ್ಜಿದ್ದನ್ನ ಇವ್ಳು ಹೇಳಿದ್ಲು, ಆ ಪುಡೀನೇ ಮಗೂ ಎದೆಗೆ ಇಳಿದಿರೋದು. ಇನ್ನೊಂದ್ಸಲ ಒಣ ಬ್ರಶ್ ಮುಟ್ಟಿದ್ರೆ ಕೈ ಮುರೀತೀನಿ. ಮೊದ್ಲು ನೀರೆಲ್ಲಿಂದ ಬರ್ತಿದೆ ನೋಡು. ಆಮೇಲೆ ಮಾಸ್ಕ್ ಹಾಕ್ಕೊಂಡು ಸೋಪಿನ ನೀರಲ್ಲಿ ಒದ್ದೆ ಮಾಡಿ ಒರೆಸು. ಬ್ಲೀಚು ಆಸಿಡ್ಡು ಎರಡೂ ಕಲಸಿ ನೀನೂ ಉಸಿರುಕಟ್ಟಿ ಸಾಯ್ಬೇಡ."

ಬಚ್ಚಲ ಪೈಪಿನ ಜಾಯಿಂಟು ಗೋಡೆಯೊಳಗೇ ಸೋರುತ್ತಿತ್ತು. ಅದನ್ನು ಬದಲಾಯಿಸಿ, ಕೊಳೆತ ಗಾರೆ ಕೆತ್ತಿಸಿ, ಹಾಸಿಗೆ ಎಸೆದ. ಕಿಟಕಿ ತೆರೆದಿಟ್ಟ. ಗೋಡೆ ಪೂರ್ತಿ ಒಣಗಿದ ಮೇಲೆ ಬೀರುವನ್ನು ಗೋಡೆಗೆ ತಾಗದ ಹಾಗೆ ನಿಲ್ಲಿಸಿದ. ಮಕ್ಕಳು ಮರಳಿದರು. ಮಗನ ಉಸಿರಿಗೆ ಈಗ ಸದ್ದಿಲ್ಲ. ಆದರೂ ಮಳೆ ಬಂದರೆ ಪಂಚರಣ್ಣ ಮೊದಲು ಗೋಡೆಗೆ, ಆಮೇಲೆ ಮಗನ ಎದೆಗೆ ಕಿವಿ ಇಡುತ್ತಾನೆ.

ಅಕ್ಕ ಗಾಡಿಗೆ ಗಾಳಿ ಹಾಕಿಸಲು ಅಂಗಡಿಗೆ ಬರುತ್ತಾಳೆ. ಗಾಳಿ ತುಂಬಿದ ಮೇಲೂ ಇವನು ಟೈರು ಒತ್ತುತ್ತ ಕೂತಿರುತ್ತಾನೆ.

"ಅಕ್ಕಾ, ಅವತ್ತು ನೀನು..."

"ಏನೋ?"

"ಏನಿಲ್ಲ. ಹಿಂದಿನ ಟೈರು ಸವೆದಿದೆ."

"ಅದನ್ನ ಹೋದ ಸಲಾನೂ ಹೇಳಿದ್ದೆ ನೀನು," ಎಂದು ಗಾಡಿ ಹತ್ತಿ ಹೋಗಿಬಿಡುತ್ತಾಳೆ.