ಜುಮ್ವಾ ಅಜ್ಜಿಯ ಮಲೇರಿಯಾ

ನಮ್ಮ ಊರಿನಲ್ಲಿ ಮಕ್ಕಳಿಗೆ ಜ್ವರ ಬಂದರೆ ಮೊದಲು ಕೇಳಬೇಕಾದದ್ದು ಜುಮ್ವಾ ಅಜ್ಜಿಯನ್ನು. ಹಣೆ ಮುಟ್ಟುತ್ತಿದ್ದಳು, ಮಲೇರಿಯಾ ಅನ್ನುತ್ತಿದ್ದಳು. ಬೇರೆ ಕಾಯಿಲೆಯ ಹೆಸರು ಅವಳ ಬಾಯಲ್ಲಿ ಕೇಳಿದವರಿಲ್ಲ. ಕಿಲಿಫಿ ಕಡೆಯ ದೊಡ್ಡಾಸ್ಪತ್ರೆಗಳಲ್ಲಿ ಮಕ್ಕಳ ರಕ್ತ ಬಸಿದು ಮಾರುತ್ತಾರೆ ಎಂಬ ಸುದ್ದಿಯನ್ನು ಊರಿಗೆಲ್ಲ ಹಂಚಿದವಳೂ ಅವಳೇ. ಒಮ್ಮೆಯೂ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಅಷ್ಟೆಲ್ಲ ತಿಳಿದುಕೊಂಡಿದ್ದಳು.

ಮೊಮ್ಮಗ ಗೋನಾ ಇನ್ನೂ ತೊದಲುವ ಕೂಸು. ತೀರಿಹೋದ ತಾತನ ಹೆಸರನ್ನೇ ಇಟ್ಟಿದ್ದರಿಂದ, ನಮ್ಮಲ್ಲಿ ಎಲ್ಲ ಅಜ್ಜಿಯರೂ ಮಾಡುವಂತೆ, ಅವನನ್ನು ಗಂಡ ಎಂದೇ ಕರೆಯುತ್ತಿದ್ದಳು. ಅವನ ಮೈ ಸುಡತೊಡಗಿದಾಗ ಸೊಸೆ ಸಿದಿ ಅಳುಕುತ್ತಲೇ ಕೇಳಿದಳು, "ಅತ್ತೆ, ಆಸ್ಪತ್ರೆಗೆ ಹೋಗಿ ಬರ್ಲಾ?" ಸಿದಿಯ ಗಂಡ ಮೊಂಬಾಸಾದಲ್ಲಿ ಕೂಲಿಗಿದ್ದ. ಅತ್ತೆ ಹೂಂ ಅನ್ನದೆ ಸೊಸೆ ಮಗು ಎತ್ತಿಕೊಂಡು ಊರು ದಾಟುವಂತಿಲ್ಲ.

"ಮಲೇರಿಯಾಗೆ ಯಾರಾದ್ರೂ ಅಷ್ಟು ದೂರ ಹೋಗ್ತಾರೇನೇ? ಅಂಗಡಿ ಮಾತ್ರೆ ಸಾಕು."

ಮರುದಿನ ಅಜ್ಜಿ ಗಂಜಿ ಹಿಡಿದು ಬಂದಳು. "ಏನ್ರೀ ಯಜಮಾನ್ರೇ, ಹೆಂಡ್ತಿ ಮೇಲೆ ಕೋಪಾನಾ?" ಎಂದಿನಂತೆ ಅವನು ನಕ್ಕು ಅವಳ ಕೆನ್ನೆಗೆ ಹೊಡೆಯಲಿಲ್ಲ. ಕಣ್ಣೇ ಬಿಡಲಿಲ್ಲ. ಏದುಸಿರು ಬಿಡುತ್ತಿದ್ದ, ಕಾಲು ತಣ್ಣಗಿತ್ತು. ಪಕ್ಕದ ಮನೆಯವಳಾದ ನಾನು ಬಾಡಿಗೆ ಬೈಕುಗಳನ್ನು ಕರೆತರುವಷ್ಟರಲ್ಲಿ ಅಜ್ಜಿಯೇ ಅವನನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ನಾನೂ ಸಿದಿಯೂ ಹಿಂದಿನ ಬೈಕಿನಲ್ಲಿ ಹೋದೆವು.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿ, ಮಲೇರಿಯಾ ಅಲ್ಲ ಎಂದರು. ಸರಿಯಾಗಿ ನೋಡಿ ಎಂದು ಅಜ್ಜಿ ಅವರನ್ನೇ ಗದರಿದಳು. ನರ್ಸ್ ನ್ಯೇವು ನಮ್ಮ ಜನದ ಹುಡುಗಿಯೇ. ಅವಳು ಮಗುವಿನ ತೋಳಿನಿಂದ ರಕ್ತ ತೆಗೆದು ಬಾಟಲಿಗೆ ಬಿಟ್ಟಳು.

"ಎಷ್ಟಕ್ಕೆ ಮಾರ್ತೀಯೇ?" ಎಂದಳು ಅಜ್ಜಿ.

"ಒಂದು ಚಮಚ ರಕ್ತಾನ ಯಾರು ಕೊಳ್ತಾರಜ್ಜಿ? ಇದರಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡ್ತೀವಿ."

"ಅದನ್ನ ಬೆಳೆಸೋಕೆ ನನ್ನ ಗಂಡನೇ ಬೇಕಿತ್ತಾ ನಿಮಗೆ?"

ಬಾಟಲಿಯ ಉತ್ತರಕ್ಕೆ ಕಾಯದೆ ಇಂಜೆಕ್ಷನ್ ಶುರು ಮಾಡಿದರು. ಅಜ್ಜಿ ಮಂಚದ ಕಾಲ ಬಳಿಯೇ ಚಾಪೆ ಹಾಸಿದಳು. ರಕ್ತಗಳ್ಳರನ್ನು ಕಾಯೋಕೆ ಅಂತ ವಾರ್ಡಿಗೆಲ್ಲ ಹೇಳಿಕೊಂಡಳು. ಕೊನೆಗೊಂದು ಬೆಳಿಗ್ಗೆ ಗೋನಾ ಕಣ್ಣು ಬಿಟ್ಟು ಅವಳ ಕೆನ್ನೆಗೊಂದು ಬಾರಿಸಿದ. ನಾನು ಅತ್ತುಬಿಟ್ಟೆ. ಅಂಗಡಿ ಮಾತ್ರೆ ಸ್ವಲ್ಪ ನಿಧಾನವಾಗಿ ಕೆಲಸ ಮಾಡಿತು ಎಂದಳು ಅಜ್ಜಿ.

ಅಂದೇ ನ್ಯೇವು ಬಂದಳು. "ಬಾಟಲೀಲಿ ಬೆಳೆದಿದೆ ಅಜ್ಜಿ. ರೋಗಾಣು ರಕ್ತಕ್ಕೇ ಸೇರಿತ್ತು. ನೋಡೋಕೆ ಥೇಟ್ ಮಲೇರಿಯಾ ಥರಾನೇ ಇರುತ್ತೆ. ಮಲೇರಿಯಾ ಮಾತ್ರೆ ಇದಕ್ಕೆ ನಾಟಲ್ಲ."

ಅಜ್ಜಿ ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಇಷ್ಟೇ: "ಈ ಇಂಜೆಕ್ಷನ್ ಯಾವಾಗಿಂದ ಇದೆ?"

"ನಾನು ಹುಟ್ಟೋಕೂ ಮುಂಚಿನಿಂದ."

ಜುಮ್ವಾ ಅಜ್ಜಿಯ ಎರಡು ಮಕ್ಕಳು ಗೋನಾನ ವಯಸ್ಸಿನಲ್ಲೇ ಜ್ವರದಿಂದ ಹೋಗಿದ್ದವು. ಎರಡಕ್ಕೂ ಅವಳೇ ಕೈಯಾರೆ ಮಲೇರಿಯಾದ ಕಹಿ ಮಾತ್ರೆ ಅರೆದು ಕುಡಿಸಿದ್ದಳು. ಅವಳು ಮೆಲ್ಲಗೆ ನ್ಯೇವುವಿನ ಕೈ ಹಿಡಿದುಕೊಂಡು ಆ ಕಥೆಯನ್ನೆಲ್ಲ ಹೇಳಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

"ಅವರಿಬ್ಬರಿಗೂ ಮಲೇರಿಯಾನೇ ಇತ್ತು ಅಂತ ಒಂದು ಮಾತು ಹೇಳಮ್ಮ."

ನ್ಯೇವು ಬೆರಳು ಚುಚ್ಚಲಿಲ್ಲ, ಬಾಟಲಿ ಕೇಳಲಿಲ್ಲ. "ಹೂಂ ಅಜ್ಜಿ," ಎಂದಳು, "ಮಲೇರಿಯಾನೇ."